ಹನ್ನೆರಡು ಮುಖ, ಹನ್ನೊಂದು ಹೆಸರು

ಜನವರಿ 5, 1976, ಸೋಮವಾರ

ಇಂದಿನಿಂದ ನಾನು ಇತಿಹಾಸಕಾರ್ತಿಯಂತೆ. ಹಾಗೆಂದು ಲಕ್ಕಣ್ಣನವರು ಹೇಳಿದರು. 'ಬಡಗಣ ವಾರ್ತೆ'ಯ ಮಾಲೀಕರೂ ಅವರೇ, ಸಂಪಾದಕರೂ ಅವರೇ, ಆದ್ದರಿಂದ ಮೇಲ್ಮನವಿ ಹಾಕಲು ಬೇರೆ ಯಾರೂ ಇಲ್ಲ.

ಆದದ್ದು ಇಷ್ಟು. ಕೆಂಪಾಪುರದ ದ್ರಾಕ್ಷಿ ತೋಟದಲ್ಲಿ ಅರ್ಧ ಮಾರಿ ಅವರು ಜರ್ಮನಿಯಿಂದ ಹಳೆಯ ಮುದ್ರಣ ಯಂತ್ರವೊಂದನ್ನು ತರಿಸಿದರು. ಅದು ಮದರಾಸಿನ ಬಂದರಿನಿಂದ ಲಾರಿಯಲ್ಲಿ ಯಶವಂತಪುರಕ್ಕೆ ಬಂದು, ನಮ್ಮ ಶೆಡ್ಡಿನ ಬಾಗಿಲಿಗೆ ಹಿಡಿಸದೆ, ಗೋಡೆ ಒಡೆಸಿಕೊಂಡು ಒಳಗೆ ಹೋಯಿತು. ಪೆಟ್ಟಿಗೆಯೊಳಗೆ ಒಂದು ದಪ್ಪ ಪುಸ್ತಕವೂ ಇತ್ತು. ಯಂತ್ರ ನಡೆಸುವ ಕೈಪಿಡಿ ಇರಬೇಕೆಂದು ಮೆಕ್ಯಾನಿಕ್ ಮೂರು ದಿನ ಅದರ ಚಿತ್ರಗಳನ್ನು ನೋಡಿದ. ಚಿತ್ರದಲ್ಲಿ ಬರೀ ಮೀಸೆಯ ಗಂಡಸರು. ಕೊನೆಗೆ ನನ್ನ ಮೇಜಿಗೆ ಬಂತು. ಅದು ಕೈಪಿಡಿಯಲ್ಲ, ಆ ಯಂತ್ರವನ್ನು ಮೊದಲು ಇಟ್ಟುಕೊಂಡಿದ್ದ ಪತ್ರಿಕೆಯ ಚರಿತ್ರೆ. ವಾಲ್ಡೆನ್‌ಫುರ್ಟ್ ಎಂಬ ಊರಿನ ದಿನಪತ್ರಿಕೆ, ಹೆಸರು 'ವಾಲ್ಡೆನ್‌ಫುರ್ಟರ್ ಬೋಟೆ'. 1851ರಿಂದ 1951ರವರೆಗೆ ನೂರು ವರ್ಷ, ನಾನೂರು ಪುಟ.

"ಇದ್ನ ಕನ್ನಡ ಮಾಡಿ. ದಿನಾ ಒಂದ್ ಕಾಲಂ," ಅಂದರು ಲಕ್ಕಣ್ಣ.

"ಯಾಕೆ ಸಾರ್?"

"ಖಾಲಿ ಬಿಡಂಗಿಲ್ವಲ್ಲಮ್ಮ."

ಅದು ನಿಜ. ಹೋದ ಜೂನ್‌ನಿಂದ ತುರ್ತುಪರಿಸ್ಥಿತಿ. ದಿನಾ ಮಧ್ಯಾಹ್ನ ಪುಟಗಳು ಸೆನ್ಸಾರ್ ಸಾಹೇಬರ ಬಳಿ ಹೋಗಿ, ನೀಲಿ ಪೆನ್ಸಿಲಿನ ಗೀಟು ಹಾಕಿಸಿಕೊಂಡು ವಾಪಸ್ ಬರುತ್ತವೆ. ಗೀಟು ಬಿದ್ದ ಜಾಗವನ್ನು ಖಾಲಿ ಬಿಡುವ ಹಾಗಿಲ್ಲ. ಖಾಲಿ ಬಿಟ್ಟರೆ ಅದು ಪ್ರತಿಭಟನೆಯಂತೆ. ಹೋದ ತಿಂಗಳು ಮೂಲಂಗಿ ಪಲ್ಯ ಮಾಡುವ ವಿಧಾನವನ್ನು ಎರಡು ಸಲ ಹಾಕಿದ್ದೇವೆ.

"ಜರ್ಮನಿ ವಿಸ್ಯ ಬರುದ್ರೆ ಯಾರ್ಗೇನು? ಅವ್ರೇನ್ ಇಲ್ಲಿ ಬಂದು ಓಟ್ ಆಕ್ತಾರಾ?" ಎಂದು ಅವರೇ ಕೇಳಿ, ಅವರೇ ನಕ್ಕು, ಎದ್ದು ಹೋದರು.

ನಾನು ಜರ್ಮನ್ ಕಲಿತದ್ದು ಜರ್ಮನಿಯ ಮೇಲಿನ ಪ್ರೀತಿಯಿಂದಲ್ಲ. ಇಪ್ಪತ್ತನೇ ವಯಸ್ಸಿನಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದದ್ದು ಸಂಜೆ ಐದೂವರೆಗೆ. ಜರ್ಮನ್ ತರಗತಿಯೂ ಸಂಜೆ ಐದೂವರೆಗೆ. ಮೂರು ವರ್ಷದ ಡಿಪ್ಲೊಮ ಮುಗಿಯುವ ಹೊತ್ತಿಗೆ ಬರುವವರು ನಿಂತಿದ್ದರು. ಈಗ ನಲವತ್ತಮೂರು. ಆರ್.ಟಿ. ನಗರದಲ್ಲಿ ಅಣ್ಣ ಸೇತುರಾಮನ ಮನೆಯಲ್ಲಿ ನನ್ನದೊಂದು ಕೋಣೆ, ನಿಘಂಟು, ಈ ದಿನಚರಿ.

ನನ್ನ ಕೆಲಸ ಪ್ರೂಫ್ ನೋಡುವುದು. ಅಕ್ಷರ ಸರಿಯಿದೆಯೇ ನೋಡುತ್ತೇನೆ. ಅಕ್ಷರ ಏನು ಹೇಳುತ್ತಿದೆ ಎಂಬುದು ನನಗೆ ಸಂಬಂಧಿಸಿದ್ದಲ್ಲ. ಹತ್ತು ವರ್ಷ ತಲೆನೋವಿಲ್ಲದೆ ಕಳೆದದ್ದು ಹೀಗೆಯೇ.

ಜನವರಿ 9, ಶುಕ್ರವಾರ

ಮೊದಲ ಕಂತು ಬಂತು. ಸೆನ್ಸಾರ್ ಸಾಹೇಬರು ಒಂದು ಗೀಟೂ ಹಾಕದೆ 'ಸ್ವಾರಸ್ಯಕರ' ಎಂದು ಅಂಚಿನಲ್ಲಿ ಬರೆದಿದ್ದರು. ಗೀಟು ಹಾಕಿದ್ದು ನಜೀರ್.

ನಜೀರ್ ನಮ್ಮ ಹೆಡ್ ಕಂಪೋಸಿಟರ್. ಐವತ್ತು ದಾಟಿದವರು. ಹತ್ತು ವರ್ಷದಿಂದ ಅವರು ಅಚ್ಚಿನ ಮೊಳೆ ಜೋಡಿಸುತ್ತಾರೆ, ನಾನು ತಪ್ಪು ತೆಗೆಯುತ್ತೇನೆ, ಇಬ್ಬರೂ ಜಗಳವಾಡುತ್ತೇವೆ. ಇವತ್ತು ಪ್ರೂಫ್ ಹಿಡಿದುಕೊಂಡು ನೇರ ನನ್ನ ಮೇಜಿಗೇ ಬಂದರು.

"ಗೋದಮ್ಮಾ, ನಮ್ ಕೇಸಲ್ಲಿ 'ಡ' ಒತ್ತು ಇರೋದೇ ಆರು. ನಿಮ್ ಊರು ಒಂದೇ ಪ್ಯಾರಾದಲ್ಲಿ ಒಂಬತ್ ಸಲ ಬರುತ್ತೆ. ಊರ್ ಹೆಸರು ಚೇಂಜ್ ಮಾಡ್ಕೊಳಕ್ ಆಗಲ್ವಾ ಅವ್ರಿಗೆ?"

"ಎಂಟುನೂರು ವರ್ಷದಿಂದ ಅದೇ ಹೆಸ್ರಂತೆ."

"ಎಂಟ್ನೂರು ವರ್ಷ ಸುಮ್ನಿದ್ರಲ್ಲ ಯಾರೂ!"

ಕೊನೆಗೆ ಮೂರು ಕಡೆ 'ಸದರಿ ಊರು' ಎಂದು ಮಾಡಿಕೊಟ್ಟೆ. ಗೆದ್ದವರಂತೆ ಹಾಡು ಗುನುಗಿಕೊಂಡು ಹೋದರು. ಅವರಿಗೆ ದಮ್ಮಿನ ಕಾಯಿಲೆ. ಹಾಡಿನ ಎರಡನೇ ಸಾಲಿಗೆ ಉಸಿರು ಸಾಲದೆ, ಮೊಳೆಗಳನ್ನಿಡುವ ಕೇಸಿನ ಮೇಲಿನ ತಗಡಿನ ಡಬ್ಬಿಯಿಂದ ಮಾತ್ರೆ ತೆಗೆದು ನುಂಗಬೇಕಾಗುತ್ತದೆ. ಆದರೂ ಹಾಡು ಬಿಡುವುದಿಲ್ಲ. ನನಗೆ ಕಿರಿಕಿರಿ.

ಜನವರಿ 19, ಸೋಮವಾರ

1866ಕ್ಕೆ ಬಂದಿದ್ದೇನೆ. ವಾಲ್ಡೆನ್‌ಫುರ್ಟಿನ ಪಾದ್ರಿಯ ಬಾತುಕೋಳಿಯನ್ನು ಯಾರೋ ಕದ್ದರು. ಬೋಟೆ ಅದನ್ನು ವರದಿ ಮಾಡುವಾಗ ಕೋಳಿಯ ಬಣ್ಣ ಬಿಳಿ ಎಂದು ಬರೆಯಿತು. ಕೋಳಿ ಬೂದು ಬಣ್ಣದ್ದು ಎಂದು ಪಾದ್ರಿ ಕಾಗದ ಬರೆದ. ಪಾದ್ರಿಗೆ ಕಣ್ಣು ಕಾಣುವುದಿಲ್ಲ ಎಂದು ಪಕ್ಕದ ಮನೆಯವನು ಬರೆದ. ಕದ್ದವನಿಗೂ ತಡೆದುಕೊಳ್ಳಲಾಗಲಿಲ್ಲ. ರೆಕ್ಕೆ ಮಾತ್ರ ಬೂದು, ಮೈ ಬಿಳಿ ಎಂದು ಹೆಸರಿಲ್ಲದ ಕಾಗದ ಹಾಕಿ, ಕೈಬರಹದಿಂದ ಸಿಕ್ಕಿಬಿದ್ದ. ಚರಿತ್ರೆಯಲ್ಲಿ ಈ ಪ್ರಸಂಗಕ್ಕೆ ನಾಲ್ಕು ಪುಟ ಕೊಟ್ಟಿದ್ದಾರೆ.

ಜನ ಎಲ್ಲ ಕಡೆಯೂ ಒಂದೇ. ನಮ್ಮ ಪತ್ರಿಕೆಯನ್ನು ಹೊಗಳಿ ಹತ್ತು ವರ್ಷದಲ್ಲಿ ಒಂದು ಕಾಗದ ಬಂದಿಲ್ಲ. ಯಲಹಂಕದ ಮೊದಲ ಬಸ್ಸಿನ ಸಮಯ ಹತ್ತು ನಿಮಿಷ ತಪ್ಪು ಬಿದ್ದಾಗ ಮೂವತ್ತೆರಡು ಕಾಗದ ಬಂದವು. ಪ್ರಶ್ನೆ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ತಪ್ಪು ಹೇಳಿದರೆ ಮಲಗಿದ್ದವರೂ ಎದ್ದು ಬರುತ್ತಾರೆ.

ಜನವರಿ 27, ಮಂಗಳವಾರ

ನಿನ್ನೆ ಗಣರಾಜ್ಯೋತ್ಸವದ ದಿನ ಹೊಸ ಯಂತ್ರಕ್ಕೆ ಪೂಜೆ. ಯಂತ್ರದ ಮುಂದೆ ಒಂಬತ್ತು ಜನ ನಿಂತು ಫೋಟೊ ತೆಗೆಸಿಕೊಂಡೆವು. ಇವತ್ತಿನ ಪತ್ರಿಕೆಯಲ್ಲಿ ಬಂದಿದೆ, ಕೆಳಗೆ ಒಂಬತ್ತು ಹೆಸರು. ನಜೀರ್ ಎಡದಿಂದ ನಾಲ್ಕನೆಯವರು. ಫೋಟೊ ಎಂದು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ನಾನು ಕಣ್ಣು ಮುಚ್ಚಿದ್ದೇನೆ.

ಜನವರಿ 30, ಶುಕ್ರವಾರ

ಪುಟ 212ರಲ್ಲಿ ಬೋಟೆಯ ಸಿಬ್ಬಂದಿಯ ಫೋಟೊ, 1931ರದ್ದು. ಮುಖಗಳನ್ನು ಎಣಿಸಿದೆ, ಹನ್ನೆರಡು. ಕೆಳಗಿನ ಹೆಸರುಗಳನ್ನು ಎಣಿಸಿದೆ, ಹನ್ನೊಂದು. ಮತ್ತೆ ಎಣಿಸಿದೆ. ಹಿಂದಿನ ಸಾಲಿನಲ್ಲಿ ಎಡದಿಂದ ಐದನೆಯವನಿಗೆ ಹೆಸರಿಲ್ಲ.

ನೂರು ವರ್ಷದ ಪತ್ರಿಕೆ, ಶತಮಾನೋತ್ಸವದ ಪುಸ್ತಕ, ಇಂಥ ತಪ್ಪು! ಪ್ರೂಫ್ ನೋಡಿದವರು ಏನು ಮಾಡುತ್ತಿದ್ದರೋ. ನನಗೆ ಊಟ ರುಚಿಸಲಿಲ್ಲ.

ನಜೀರ್‌ಗೆ ತೋರಿಸಿದೆ. ಬೆಳಕಿಗೆ ಹಿಡಿದು ನೋಡಿ, "ಇವ್ರು ನಮ್ಮೋರು ಅಮ್ಮಾ, ಕಂಪೋಸಿಟ್ರು," ಅಂದರು.

"ಹೇಗೆ ಗೊತ್ತು?"

"ಎಡಗೈ ನೋಡಿ. ಫೋಟೊಗೆ ನಿಂತಾಗ್ಲೂ ಸ್ಟಿಕ್ ಹಿಡ್ಕೊಂಡಿರೋ ಹಂಗೇ ಮಡ್ಚವ್ರೆ. ನಂದೂ ಹಂಗೇ."

ಅವರ ಕೈ ನೋಡಿದೆ. ಹಾಗೆಯೇ ಇತ್ತು. ಮೊಳೆ ಜೋಡಿಸುವ ಕಬ್ಬಿಣದ ಪಟ್ಟಿ ಹಿಡಿದೂ ಹಿಡಿದೂ ಬೆರಳುಗಳು ಬಿಚ್ಚುವುದನ್ನು ಮರೆತಿವೆ.

ವಾಲ್ಡೆನ್‌ಫುರ್ಟಿಗೆ ವಿಮಾನದ ಅಂಚೆಯಲ್ಲಿ ಕಾಗದ ಹಾಕಿದೆ. "ಮಾನ್ಯರೇ, ನಿಮ್ಮ ಪುಸ್ತಕದ 212ನೇ ಪುಟದಲ್ಲಿ ಒಂದು ಹೆಸರು ಬಿಟ್ಟುಹೋಗಿದೆ. ಮುಂದಿನ ಮುದ್ರಣದಲ್ಲಿ ಸರಿಪಡಿಸಬೇಕಾಗಿ ವಿನಂತಿ."

"ಜರ್ಮನಿವರ್ಗೂ ಹೋಗಿ ತಪ್ಪು ಹಿಡೀತೀರಲ್ಲ ಗೋದಮ್ಮಾ, ನಿಮ್ಮಂಥೋರು ಸ್ವರ್ಗಕ್ಕೆ ಹೋದ್ರೆ ದೇವ್ರೇ ರಾಜೀನಾಮೆ ಕೊಡ್ತಾನೆ," ಅಂದರು ನಜೀರ್.

ಫೆಬ್ರವರಿ 9, ಸೋಮವಾರ

ಮಧ್ಯಾಹ್ನ ಟೀ ಕುಡಿಯಲು ಹೋದ ನಜೀರ್ ವಾಪಸ್ ಬರಲಿಲ್ಲ. ಎರಡನೇ ಪುಟ ಅರ್ಧ ಜೋಡಿಸಿದಲ್ಲೇ ಇದೆ. ಹೇಳದೆ ಕೇಳದೆ ರಜೆ. ನಾಳೆ ಬರಲಿ, ಹೇಳುತ್ತೇನೆ.

ಫೆಬ್ರವರಿ 10, ಮಂಗಳವಾರ

ಬರಲಿಲ್ಲ. ಟೀ ಅಂಗಡಿ ಪಿಳ್ಳಣ್ಣ ಕದ್ದು ಬಂದವನಂತೆ ಹಿಂಬಾಗಿಲಿಗೆ ಬಂದ.

"ಜೀಪಲ್ಲಿ ಆಕ್ಕೊಂಡ್ ಓದ್ರಮ್ಮ. ಅರ್ಧ ಟೀ ಕುಡ್ದಿದ್ರು ಅಷ್ಟೆ."

"ಯಾರು?"

"ಪೋಲೀಸ್ನೋರು. ಗೊರಗುಂಟೆಪಾಳ್ಯದ ಕಡೆಯಿಂದ ಬಂದ್ರು, ಅತ್ಲಾಗೇ ಓದ್ರು. ಆಚೆ ಠಾಣೆ ಜೀಪು. ನಾ ಏಳ್ದೆ ಅಂತ ಏಳ್ಬೇಡಿ ಮತ್ತೆ."

ನಮ್ಮ ಶೆಡ್ಡು ರೈಲ್ವೆ ಗೇಟಿಗೆ ಅಂಟಿಕೊಂಡಿದೆ. ಗೇಟಿನ ಈಚೆಗೆ ಒಂದು ಪೋಲೀಸ್ ಠಾಣೆ, ಆಚೆಗೆ ಇನ್ನೊಂದು. ಈಚೆ ಠಾಣೆ, ಆಚೆ ಠಾಣೆ ಎಂದೇ ಎಲ್ಲರೂ ಕರೆಯುವುದು.

ಯಾರೋ ಸರ್ಕಾರದ ವಿರುದ್ಧ ಕರಪತ್ರ ಹಂಚಿದ್ದಾರಂತೆ, ಅದನ್ನು ಜೋಡಿಸಿದ್ದು ನಜೀರ್ ಎಂದು ಅನುಮಾನವಂತೆ. ನಿಜವೋ ಸುಳ್ಳೋ ಗೊತ್ತಿಲ್ಲ. ಕರಪತ್ರವನ್ನು ನಾನು ನೋಡಿಲ್ಲ.

ಸಂಜೆ ಅವರ ಹೆಂಡತಿ ಜೈಬುನ್ ಬಂದರು. ಹತ್ತು ವರ್ಷದಲ್ಲಿ ಮೊದಲ ಸಲ ನೋಡಿದೆ. ಸಣ್ಣ ಹೆಂಗಸು, ಗಟ್ಟಿ ದನಿ.

"ಮಾತ್ರೆ ಇಲ್ದೆ ಎರಡ್ ದಿನ ತಡೀತಾರೆ ಅಮ್ಮಾ. ಮೂರ್ನೇ ದಿನ ಮಲ್ಗಕ್ಕಾಗಲ್ಲ, ಕೂತ್ಕೊಂಡೇ ಉಸ್ರು ಎಳೀತಾ ಇರ್ತಾರೆ."

ಡಬ್ಬಿ ಕೇಸಿನ ಮೇಲೇ ಇತ್ತು. ತೆಗೆದುಕೊಟ್ಟೆ.

ಫೆಬ್ರವರಿ 14, ಶನಿವಾರ

ಜೈಬುನ್ ಡಬ್ಬಿ ಹಿಡಿದುಕೊಂಡು ನಾಲ್ಕು ದಿನದಿಂದ ಗೇಟ್ ದಾಟುತ್ತಿದ್ದಾರೆ. ಈಚೆಯವರು ಆಚೆ ಕೇಳಿ ಅನ್ನುತ್ತಾರೆ. ಆಚೆಯವರು ನಜೀರ್ ಎಂಬ ಮನುಷ್ಯ ನಮ್ಮಲ್ಲಿ ಯಾರೂ ಇಲ್ಲ ಅನ್ನುತ್ತಾರೆ. ಡಬ್ಬಿಯನ್ನು ಇಬ್ಬರೂ ಮುಟ್ಟುವುದಿಲ್ಲ.

ನಮ್ಮ ಬೀದಿಯ ವಕೀಲ ಮುನಿಕೃಷ್ಣಪ್ಪನವರನ್ನು ಕೇಳಿದೆ. ಸುಮ್ಮನೆ ಕೇಳಿದೆ ಅಷ್ಟೆ.

"ಬಿಡ್ಸೋ ಮಾತು ಈಗ ಬೇಡಿ. ಎಲ್ಲಿದಾನೆ ಅಂತ ಗೊತ್ತಾದ್ರೆ ಮಾತ್ರೆ ತಲುಪ್ಸೋಕೆ ಅರ್ಜಿ ಹಾಕ್ಬಹುದು. ಹಿಡಿದವ್ರು ಇಂಥವ್ರು ಅಂತ ಸರ್ಕಾರದ ಸೀಲಿರೋ ಒಂದ್ ಚೀಟಿ ಬೇಕು. ಅದಿಲ್ದೆ ಯಾರ ಮೇಲೆ ಅಂತ ಅರ್ಜಿ ಹಾಕ್ಲಿ?"

ಜೈಬುನ್ ಲಕ್ಕಣ್ಣನವರನ್ನು ಕೇಳಿದ್ದು ಒಂದೇ ಒಂದು ಸಾಲು. ನಜೀರ್ ಅವರನ್ನು ಪೋಲೀಸರು ಕರೆದೊಯ್ದಿದ್ದಾರೆ ಎಂದು ಪತ್ರಿಕೆಯಲ್ಲಿ ಬರಲಿ. ಅಚ್ಚಾದರೆ ಇಲ್ಲ ಅನ್ನಲು ಆಗುವುದಿಲ್ಲ ಎಂದು ಅವರ ನಂಬಿಕೆ.

"ಸೆನ್ಸಾರ್ ಬಿಡಲ್ಲ ಕಣಮ್ಮ. ಬಿಟ್ರೂ ನಾಳೆ ಪ್ರೆಸ್ಸಿಗೆ ಬೀಗ ಆಕ್ತಾರೆ. ಇಪ್ಪತ್ ಜನದ ಅನ್ನ," ಅಂದರು ಲಕ್ಕಣ್ಣ. ಹೇಳುವಾಗ ನೆಲ ನೋಡುತ್ತಿದ್ದರು.

ಅವರು ಹೇಳುವುದೂ ಸರಿಯೇ. ನಾನು ಜೈಬುನ್‌ಗೂ ಹಾಗೇ ಹೇಳಿದೆ.

ಫೆಬ್ರವರಿ 20, ಶುಕ್ರವಾರ

ಹೊಸ ಕಂಪೋಸಿಟರ್ ಗುಂಡಣ್ಣ ಬಂದಿದ್ದಾನೆ. ಬಹಳ ವಿನಯ. ಪುಟಕ್ಕೆ ನಲವತ್ತು ತಪ್ಪು. ತಿದ್ದಿದರೆ "ಆಯ್ತು ಮೇಡಂ" ಅನ್ನುತ್ತಾನೆ, ಒಂದಕ್ಕೂ ವಾದ ಮಾಡುವುದಿಲ್ಲ. ಹಾಡುವುದೂ ಇಲ್ಲ. ಶೆಡ್ಡಿನಲ್ಲಿ ಇಷ್ಟು ನಿಶ್ಶಬ್ದವಾಗಿ ಕೆಲಸ ಮಾಡಲು ನನಗೆ ಆಗುತ್ತಿಲ್ಲ. ಯಂತ್ರ ಸರಿಯಾಗಿ ಕೂತಿಲ್ಲವೋ ಏನೋ, ತಲೆನೋವು.

ಅನುವಾದ 1933ಕ್ಕೆ ಬಂತು. ಹಿಟ್ಲರ್ ಬಂದ ವರ್ಷ. ಅಲ್ಲಿಂದ ಯುದ್ಧ ಮುಗಿಯುವವರೆಗೆ ಬೋಟೆಯ ಚರಿತ್ರೆ ಇಷ್ಟು: "1933ರಿಂದ 1945ರವರೆಗೆ ಕಷ್ಟದ ಸನ್ನಿವೇಶದಲ್ಲಿಯೂ ನಮ್ಮ ಪತ್ರಿಕೆ ಒಂದು ದಿನವೂ ತಪ್ಪದೆ ಹೊರಬಂದಿತು." ಮುಂದಿನ ಪ್ಯಾರಾದಲ್ಲಿ ಹೊಸ ಕಟ್ಟಡದ ಶಂಕುಸ್ಥಾಪನೆ.

ಬಾತುಕೋಳಿಗೆ ನಾಲ್ಕು ಪುಟ, ಹನ್ನೆರಡು ವರ್ಷಕ್ಕೆ ಒಂದು ವಾಕ್ಯ. ಪುಟ ಏನಾದರೂ ಕಿತ್ತುಹೋಗಿದೆಯೇ ಎಂದು ಹೊಲಿಗೆ ಬಿಡಿಸಿ ನೋಡಿದೆ. ಇಲ್ಲ.

ಫೆಬ್ರವರಿ 27, ಶುಕ್ರವಾರ

ವಾಲ್ಡೆನ್‌ಫುರ್ಟಿನಿಂದ ಉತ್ತರ ಬಂದಿದೆ. ಬೋಟೆಯ ಹಳೆಯ ಸಂಚಿಕೆಗಳನ್ನು ನೋಡಿಕೊಳ್ಳುವ ಶ್ರೀಮತಿ ಲೋರೆ ಎಂಬ ವಯಸ್ಸಾದ ಹೆಂಗಸು ಬರೆದಿದ್ದಾರೆ. ಮೂರು ಹಾಳೆ. ಪುಟ್ಟ ಪುಟ್ಟ ಅಕ್ಷರ. ನಿಘಂಟು ಇಟ್ಟುಕೊಂಡು ಊಟಕ್ಕೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ಓದಿದೆ.

ಐದನೆಯವನ ಹೆಸರು ಎಮಿಲ್ ಹಾಸ್. ಕಂಪೋಸಿಟರ್. 1933ರ ಏಪ್ರಿಲ್‌ನಲ್ಲಿ ಕೆಲಸದ ಮಧ್ಯದಲ್ಲಿ ಬಂದು ಕರೆದೊಯ್ದರು. ಅವನ ಹೆಂಡತಿ ಮೂರು ಸಲ ಕಚೇರಿಗೆ ಬಂದು, ಒಂದು ಸಾಲು ಹಾಕಿ ಎಂದು ಕೇಳಿದಳು. ಸಂಪಾದಕರು ಒಳ್ಳೆಯವರು, ಆದರೆ ಹಾಕಲಿಲ್ಲ. ಎಲ್ಲಿದ್ದಾನೆ ಎಂದು ಯಾರೂ ಹೇಳಲಿಲ್ಲ, ಯಾಕೆಂದರೆ ಹಿಡಿದದ್ದನ್ನೇ ಯಾರೂ ಒಪ್ಪಿಕೊಂಡಿರಲಿಲ್ಲ. ಮಾರನೇ ವರ್ಷ ನ್ಯುಮೋನಿಯಾದಿಂದ ತೀರಿಕೊಂಡ ಎಂದು ಒಂದು ಕಾರ್ಡು ಬಂತು. 1951ರಲ್ಲಿ ಪುಸ್ತಕ ಮಾಡುವಾಗಲೂ ಅದೇ ಸಂಪಾದಕರು. ಹೆಸರು ಹಾಕಿದರೆ ಎಲ್ಲಿ ಹೋದ ಎಂದೂ ಬರೆಯಬೇಕಾಗುತ್ತದೆ ಎಂದು ಹೆಸರನ್ನೇ ಬಿಟ್ಟರು.

"ಇದು ಅಚ್ಚಿನ ದೋಷವಲ್ಲ," ಎಂದು ಶ್ರೀಮತಿ ಲೋರೆ ಬರೆದಿದ್ದಾರೆ. "ಆದರೆ ಈ ಇಪ್ಪತ್ತೈದು ವರ್ಷದಲ್ಲಿ ಮುಖಗಳನ್ನು ಎಣಿಸಿದವರು ನೀವೊಬ್ಬರೇ. ನಾನು ಕೂಡ ಎಣಿಸಿರಲಿಲ್ಲ. ಅವನು ನನ್ನ ದೊಡ್ಡಪ್ಪ."

ಜೈಬುನ್ ಕಚೇರಿಗೆ ಎಷ್ಟು ಸಲ ಬಂದಿದ್ದಾರೆ ಎಂದು ಲೆಕ್ಕ ಹಾಕಿದೆ. ಇವತ್ತಿಗೆ ನಾಲ್ಕು.

ನನಗೆ ಹೆದರಿಕೆಯಾಗುತ್ತಿದೆ. ಯಾಕೆಂದು ಬರೆಯಲು ಬರುತ್ತಿಲ್ಲ.

ಮಾರ್ಚ್ 2, ಮಂಗಳವಾರ

ಎಮಿಲ್ ಹಾಸನ ವಿಷಯವನ್ನು ಇವತ್ತಿನ ಕಂತಿಗೆ ಬರೆದು ಕಳಿಸಿದೆ. ಸೆನ್ಸಾರ್ ಸಾಹೇಬರು ಪೂರ್ತಿ ಗೀಟು ಹಾಕಿ, ಪುಟ ತರಲು ಹೋದ ಗುಂಡಣ್ಣನ ಎದುರಿಗೇ ನನಗೆ ಫೋನ್ ಮಾಡಿದರು.

"ಇದು ಜರ್ಮನಿ ಸಾರ್, ನಲವತ್ತಮೂರು ವರ್ಷ ಹಳೇದು," ಎಂದೆ.

"ಓದಿದ್ರೆ ಇಲ್ಲೀದೇ ಅನ್ಸುತ್ತಲ್ಲಮ್ಮ."

"ನಿಮಗೆ ಹಾಗನ್ನಿಸ್ತಾ ಸಾರ್?"

ಆ ಕಡೆಯಿಂದ ಪೆನ್ಸಿಲ್ ಮೇಜಿಗೆ ಕುಟ್ಟುವ ಸದ್ದು. ಆಮೇಲೆ, ಬಾತುಕೋಳಿಯಂಥದ್ದು ಬರೆಯಿರಿ, ಅದು ನಮ್ಮ ಮನೆಯವರಿಗೂ ಹಿಡಿಸಿತ್ತು ಎಂದು ಫೋನ್ ಇಟ್ಟರು. ನಾನು ಹಾಗೆ ಎದುರು ಮಾತಾಡಿದ್ದು ಯಾಕೋ. ನೆಗಡಿ ಬರುವ ಮುಂಚೆ ಹೀಗಾಗುತ್ತದೆ.

ಮೂಲಂಗಿ ಪಲ್ಯ ಮೂರನೇ ಸಲ ಬಂತು.

ಮಾರ್ಚ್ 8, ಸೋಮವಾರ

ನಮ್ಮ ಪತ್ರಿಕೆಗೆ ಹತ್ತು ವರ್ಷ ತುಂಬಿತು. ಎರಡನೇ ಪುಟದಲ್ಲಿ ಜನವರಿಯ ಅದೇ ಫೋಟೊ ಹಾಕಿದರು, ಅಚ್ಚು ಹಾಕುವ ಲೋಹದ ಬ್ಲಾಕ್ ಹೇಗೂ ಇತ್ತು. ಕೆಳಗಿನ ಹೆಸರುಗಳ ಪಟ್ಟಿಯನ್ನು ಲಕ್ಕಣ್ಣನವರೇ ಬರೆದುಕೊಟ್ಟರು. ಪ್ರೂಫ್ ನನ್ನ ಮುಂದೆ ಬಂದಾಗ ಎಣಿಸಿದೆ. ಒಂಬತ್ತು ಮುಖ, ಎಂಟು ಹೆಸರು.

"ಸಾರ್, ಒಂದು ಹೆಸರು ಬಿಟ್ಟುಹೋಗಿದೆ."

"ಬಿಟ್ಟೋಗಿಲ್ಲಮ್ಮ, ಬಿಟ್ಟಿದೀನಿ. ಬ್ಲಾಕಿಂದ ಮುಖ ತೆಗಿಯಕ್ಕಾಗಲ್ಲ, ಎಸ್ರಾದ್ರೂ ತೆಗೀಬೌದಲ್ಲ. ಯಾರೂ ಎಣ್ಸಲ್ಲ ಬಿಡಿ."

ಪ್ರೂಫಿನ ಮೇಲೆ 'ಸರಿಯಿದೆ' ಎಂದು ಬರೆದು ಸಹಿ ಹಾಕಬೇಕು, ಅದು ಪದ್ಧತಿ. ಹಾಕಿದೆ. ಹತ್ತು ವರ್ಷದಲ್ಲಿ ತಪ್ಪು ಎಂದು ಗೊತ್ತಿದ್ದೂ ಹಾಕಿದ ಮೊದಲ ಸಹಿ. ಮನೆಗೆ ಬಂದು ಕೈ ತೊಳೆದುಕೊಂಡೆ. ಮಸಿ ಏನೂ ಇರಲಿಲ್ಲ.

ಮಾರ್ಚ್ 9, ಮಂಗಳವಾರ

ಇವತ್ತು ವಿಶೇಷವೇನೂ ಇಲ್ಲ. ನಿನ್ನೆಯ ಸಂಚಿಕೆಗೆ ಒಂದು ತಿದ್ದುಪಡಿ ಹಾಕಬೇಕಿತ್ತು, ಹಾಕಿದೆ.

ತಿದ್ದುಪಡಿ ನನ್ನ ವಿಭಾಗ. ಎರಡನೇ ಪುಟದ ಕೊನೆಗೆ, ಎರಡು ಬೆರಳಗಲದ ಜಾಗ. ಅದು ಸೆನ್ಸಾರ್‌ಗೆ ಹೋಗುವುದಿಲ್ಲ. ಪಾಸಾದ ವಿಷಯದ ತಿದ್ದುಪಡಿಯನ್ನೆಲ್ಲ ತಂದು ನನ್ನ ತಲೆ ತಿನ್ನಬೇಡಿ ಎಂದು ಸಾಹೇಬರೇ ಹೋದ ವರ್ಷ ಹೇಳಿದ್ದಾರೆ. ಪುಟಗಳು ಅವರ ಕಚೇರಿಯಿಂದ ವಾಪಸ್ ಬಂದ ಮೇಲೆ ಗುಂಡಣ್ಣನಿಗೆ ಚೀಟಿ ಕೊಟ್ಟೆ. "ಆಯ್ತು ಮೇಡಂ," ಅಂದ. ವಾದ ಮಾಡದವನಿಂದಲೂ ಪ್ರಯೋಜನವಿದೆ.

ಇಲ್ಲಿ ನಕಲು ಮಾಡಿಡುತ್ತೇನೆ:

"ತಿದ್ದುಪಡಿ: ನಿನ್ನೆಯ ಸಂಚಿಕೆಯ ಎರಡನೇ ಪುಟದ ಚಿತ್ರದ ಕೆಳಗೆ ಒಂದು ಹೆಸರು ಬಿಟ್ಟುಹೋಗಿದೆ. ಎಡದಿಂದ ನಾಲ್ಕನೆಯವರು ನಮ್ಮ ಹೆಡ್ ಕಂಪೋಸಿಟರ್ ಶ್ರೀ ನಜೀರ್ ಅಹಮದ್. ಇವರನ್ನು ಫೆಬ್ರವರಿ 9ರ ಮಧ್ಯಾಹ್ನ ರೈಲ್ವೆ ಗೇಟ್ ಈಚೆಯ ಠಾಣೆಯ ಪೋಲೀಸರು ಕರೆದೊಯ್ದಿದ್ದು, ಇದುವರೆಗೆ ವಾಪಸ್ ಬಂದಿಲ್ಲ. ಓದುಗರು ತಿದ್ದಿಕೊಂಡು ಓದಬೇಕಾಗಿ ವಿನಂತಿ."

ಇದರಲ್ಲಿ ಒಂದು ತಪ್ಪು ಬಿದ್ದಿದೆ. ಪಿಳ್ಳಣ್ಣ ಹೇಳಿದ್ದು ಆಚೆ ಠಾಣೆ. ನಾನು ಬರೆದದ್ದು ಈಚೆ. ಪ್ರೂಫನ್ನು ಎರಡು ಸಲ ನೋಡಿದೆ, ಎರಡು ಸಲವೂ ಬಿಟ್ಟೆ. ವಯಸ್ಸಾಯಿತು.

ಮಾರ್ಚ್ 10, ಬುಧವಾರ

ಬೆಳಿಗ್ಗೆ ಹತ್ತೂಕಾಲಿಗೆ ಈಚೆ ಠಾಣೆಯ ಇನ್‌ಸ್ಪೆಕ್ಟರ್ ಬಂದರು. ಕೈಯಲ್ಲಿ ಪತ್ರಿಕೆ, ಮುಖ ಕೆಂಪಗೆ. ಲಕ್ಕಣ್ಣನವರು ಎದ್ದು ನಿಂತರು. ಅವರು ಅದುವರೆಗೆ ಎರಡನೇ ಪುಟ ನೋಡಿರಲಿಲ್ಲ. ಅಲ್ಲೇ ನಿಂತು ಓದಿದರು, ಮತ್ತೆ ಕೂತರು.

"ಯಾರ್ರೀ ಬರೆದಿದ್ದು ಇದನ್ನ?"

"ನಾನು," ಎಂದೆ. ಕೈಯಲ್ಲಿದ್ದ ಪ್ರೂಫ್ ಕೆಳಗಿಟ್ಟೆ.

"ನಾವೇನ್ರೀ ಕರ್ಕೊಂಡ್ ಹೋಗಿದ್ದು? ನಾವಾ? ಬೆಳಿಗ್ಗೆಯಿಂದ ಮೇಲಿನೋರು ಮೂರ್ ಸಲ ಫೋನ್ ಮಾಡಿದಾರೆ. ಆಸಾಮೀನ ಇಟ್ಕೊಂಡು ನಮಗ್ ಯಾಕ್ರೀ ರಿಪೋರ್ಟ್ ಕಳಿಸ್ಲಿಲ್ಲ ಅಂತ ಬೈತಾರೆ. ಹಿಡಿದೋರು ಆಚೆಯೋರು, ಬೈಸ್ಕೊಳೋನು ನಾನು!"

"ತಪ್ಪಾಗಿದ್ರೆ ತಿದ್ದುಪಡಿ ಹಾಕ್ತೀವಿ ಸಾರ್. ಅದು ನಮ್ಮ ಧರ್ಮ."

"ಹಾಕಿ ಮತ್ತೆ! ಇವತ್ತೇ ಹಾಕಿ."

"ಬಾಯಿ ಮಾತಿನ ಮೇಲೆ ಹಾಕೋ ಪದ್ಧತಿ ಇಲ್ಲ ಸಾರ್. ಬರವಣಿಗೇಲಿ ಬೇಕು. ಸೀಲಿದ್ರೆ ಒಳ್ಳೇದು."

ಇನ್‌ಸ್ಪೆಕ್ಟರ್ ನನ್ನ ಮೇಜಿನ ಮೇಲೇ ಕೂತು ಬರೆದರು. ಸೀಲು ತರಲು ಪೇದೆಯನ್ನು ಠಾಣೆಗೆ ಓಡಿಸಿದರು. ಬರೆದದ್ದು ಹೀಗೆ: ಸದರಿ ನಜೀರ್ ಅಹಮದ್ ಎಂಬುವವರನ್ನು ದಿನಾಂಕ 9-2-76ರಂದು ಗೇಟ್ ಆಚೆಯ ಠಾಣೆಯವರು ದಸ್ತಗಿರಿ ಮಾಡಿ, 11ರಂದು ಜೈಲಿಗೆ ಕಳಿಸಿರುತ್ತಾರೆ. ಸದರಿ ವಿಷಯಕ್ಕೂ ನಮ್ಮ ಠಾಣೆಗೂ ಯಾವುದೇ ಸಂಬಂಧ ಇರುವುದಿಲ್ಲ.

ಎರಡು ಕಡೆ ತಪ್ಪಿತ್ತು. ತೋರಿಸಿದೆ. ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿಕೊಟ್ಟರು. ಹೋಗುವಾಗ "ಥ್ಯಾಂಕ್ಸ್ ಅಮ್ಮ" ಅಂದರು.

ಅವರು ಠಾಣೆ ಮುಟ್ಟುವ ಮೊದಲೇ ಕಾಗದವನ್ನು ಮುನಿಕೃಷ್ಣಪ್ಪನವರಿಗೆ ಮುಟ್ಟಿಸಲು ಜೈಬುನ್‌ಗೆ ಹೇಳಿ ಕಳಿಸಿದೆ. ನಕಲನ್ನು ಗುಂಡಣ್ಣನಿಗೆ ಕೊಟ್ಟೆ. ಲಕ್ಕಣ್ಣನವರು ತುಂಬ ಹೊತ್ತು ನನ್ನನ್ನೇ ನೋಡಿ, "ಸರ್ಕಾರದ ಕಾಗ್ದ. ಆಕ್ದೆ ಇರಕ್ಕಾಗ್ತದಾ?" ಅಂದರು. ನಗುವೂ ಅಲ್ಲ, ಅಳುವೂ ಅಲ್ಲ. ನೀರು ತರಿಸಿ ಕುಡಿದರು.

ಮಾರ್ಚ್ 11, ಗುರುವಾರ

ಎರಡನೇ ತಿದ್ದುಪಡಿ ಇವತ್ತಿನ ಪತ್ರಿಕೆಯಲ್ಲಿ ಬಂತು. ಬೆಳಿಗ್ಗೆಯೇ ಸೆನ್ಸಾರ್ ಕಚೇರಿಯಿಂದ ಲಕ್ಕಣ್ಣನವರಿಗೆ ಬುಲಾವ್. ಮಧ್ಯಾಹ್ನ ವಾಪಸ್ ಬಂದರು, ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಪ್ರೆಸ್ ಮುಚ್ಚಲ್ವಂತೆ. ಆದ್ರೆ ನಿಮ್ಮನ್ನ ಕೆಲ್ಸದಿಂದ ತೆಗ್ದಿದೀನಿ ಅಂತ ಬರ್ದ್ ಕೊಡ್ಬೇಕಂತೆ. ಇಂಗಾಯ್ತಲ್ಲಮ್ಮ."

"ಬರೆದು ಕೊಡಿ ಸಾರ್."

"ನಂಗೆಲ್ ಬರ್ತದೆ ಅದೆಲ್ಲ. ನೀವೇ ಬರೀರಿ. ತಪ್ಪಿಲ್ದಂಗೆ."

ಬರೆದೆ. "ತಿದ್ದುಪಡಿ ವಿಭಾಗದಲ್ಲಿ ಅಕ್ಷಮ್ಯ ನಿರ್ಲಕ್ಷ್ಯ ತೋರಿರುವುದರಿಂದ ಶ್ರೀಮತಿ ಗೋದಾ ಅವರನ್ನು" ಎಂದು ಬಿದ್ದಿತ್ತು. ಶ್ರೀಮತಿ ಅಳಿಸಿ ಕುಮಾರಿ ಮಾಡಿದೆ. ಲಕ್ಕಣ್ಣನವರು ಸಹಿ ಹಾಕುವಾಗ ಕಣ್ಣಲ್ಲಿ ನೀರಿತ್ತು. ಜರ್ಮನ್ ಪುಸ್ತಕವನ್ನು ಎತ್ತಿ ನನ್ನ ಚೀಲಕ್ಕೆ ಅವರೇ ತುರುಕಿದರು.

ಅಣ್ಣ ಸೇತುರಾಮ ಸರ್ಕಾರಿ ನೌಕರ. ಸುದ್ದಿ ಕೇಳಿ, "ನಿನಗ್ಯಾಕೇ ಬೇಕಿತ್ತು ಇದೆಲ್ಲ? ನೀನು ಇಂಥೋಳಲ್ವಲ್ಲ!" ಎಂದು ಕೂಗಾಡಿದ. ಅದೇ ನನಗೂ ಅರ್ಥವಾಗುತ್ತಿಲ್ಲ ಎಂದೆ. ಅತ್ತಿಗೆ ಜಯಾ ಬಿಸಿ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದಳು.

ಮಾರ್ಚ್ 15, ಸೋಮವಾರ

ಅಭ್ಯಾಸಬಲದಿಂದ ಎಂಟೂಮುಕ್ಕಾಲಿಗೆ ಬಸ್ ಸ್ಟಾಪಿಗೆ ಹೋದೆ. ಬಸ್ಸು ಬಂತು, ಹೋಯಿತು. ವಾಪಸ್ ಬಂದು ಕರಿಬೇವು ಬಿಡಿಸಿದೆ.

ಮಾರ್ಚ್ 19, ಶುಕ್ರವಾರ

ಮುನಿಕೃಷ್ಣಪ್ಪನವರ ಅರ್ಜಿಗೆ ಇನ್ನೂ ಉತ್ತರವಿಲ್ಲ. ನಿದ್ದೆ ಇಲ್ಲ. ಶ್ರೀಮತಿ ಲೋರೆಯ ಕಾಗದದಲ್ಲಿ ಆ ನ್ಯುಮೋನಿಯಾದ ಸಾಲನ್ನು ಓದಬಾರದು ಅಂದುಕೊಂಡು ಮತ್ತೆ ಮತ್ತೆ ಓದುತ್ತೇನೆ.

ಮಾರ್ಚ್ 24, ಬುಧವಾರ

ಹನ್ನೊಂದು ಗಂಟೆಗೆ ಜೈಬುನ್ ಮನೆಗೇ ಬಂದರು. ಬಾಗಿಲು ತೆಗೆದಾಗ ಅವರ ಮುಖ ನೋಡಲು ಧೈರ್ಯ ಸಾಲದೆ ಕೈ ನೋಡಿದೆ. ಡಬ್ಬಿ ಇರಲಿಲ್ಲ.

"ತಗೊಂಡ್ರು ಅಮ್ಮಾ. ಜೈಲಿನೋರೇ ತಗೊಂಡ್ರು. ನನ್ನೆದುರಿಗೇ ಇವ್ರು ಒಂದ್ ಮಾತ್ರೆ ನುಂಗಿದ್ರು."

ಇಬ್ಬರೂ ಬಾಗಿಲಲ್ಲೇ ನಿಂತಿದ್ದೆವು. ಒಳಗೆ ಬನ್ನಿ ಅನ್ನುವುದು ನೆನಪಾಗಲಿಲ್ಲ. ಅತ್ತಿಗೆ ಬಂದು ಕೂರಿಸಿ ಕಾಫಿ ಕೊಟ್ಟಳು.

ಹತ್ತು ನಿಮಿಷ ಬಿಟ್ಟಿದ್ದರಂತೆ. ತುಂಬ ಇಳಿದುಹೋಗಿದ್ದಾರಂತೆ, ಉಸಿರಿನ ಸದ್ದು ಆಚೆ ಗೋಡೆಗೆ ಕೇಳುತ್ತಿತ್ತಂತೆ. ಯಾವಾಗ ಬಿಡುತ್ತಾರೋ ಯಾರಿಗೂ ಗೊತ್ತಿಲ್ಲ. ಆದರೆ ಇದ್ದಾರೆ. ಎಲ್ಲಿದ್ದಾರೆ ಎಂದು ಗೊತ್ತಿದೆ. ತಿಂಗಳಿಗೊಮ್ಮೆ ಮಾತ್ರೆ ಕೊಡಬಹುದು ಎಂದು ಬರೆದುಕೊಟ್ಟಿದ್ದಾರೆ, ಸೀಲು ಹಾಕಿ.

ಜೈಬುನ್ ಸೆರಗಿನೊಳಗೆ ಪತ್ರಿಕೆಯ ತುಂಡು ಇಟ್ಟುಕೊಂಡು ಹೋಗಿದ್ದರಂತೆ, ನನ್ನ ಮೊದಲ ತಿದ್ದುಪಡಿ. ಕಂಬಿಯ ಆಚೆಯಿಂದಲೇ ನಜೀರ್ ಅದನ್ನು ಓದಿದರು. ಓದಿ, ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ನಕ್ಕರು.

"'ಠಾಣೆ ತಪ್ಪು ಬಿದ್ದೈತೆ, ಹತ್ ವರ್ಷಕ್ಕೆ ಒಂದ್ ಸಲ ಗೋದಮ್ಮ ಕೈಗೆ ಸಿಕ್ಕವ್ರೆ, ಮರೀದೆ ಹೇಳು,' ಅಂದ್ರು. ಏನಂತ ಹೇಳ್ಲಿ ಅಮ್ಮಾ ಅವ್ರಿಗೆ?"

"ನನ್ ತಪ್ಪನ್ನ ಇನ್ನೊಬ್ರ ಕೈಲಿ ಹೇಳಿ ಕಳಿಸ್ಬಾರ್ದು. ಬಂದು ಎದುರಿಗೇ ಹೇಳ್ಲಿ," ಎಂದೆ. ಉಳಿದದ್ದನ್ನು ಅತ್ತುಕೊಂಡೇ ಹೇಳಿದೆ. "ನಾನ್ ಕಾಯ್ತಿರ್ತೀನಿ ಅನ್ನಿ."